ಕಾಂಟ್ರಾಕ್ಟ್ ನಡುವೆ ಮೊಬೈಲ್ ದರ ಏರಿದಾಗ: ಬ್ರಿಟನ್ನಿನಲ್ಲಿ ನಾನು ಅನುಸರಿಸುವ ಕ್ರಮ

ಬ್ರಿಟನ್ನಿನಲ್ಲಿ ಮೊಬೈಲ್ ದರ ಏರಿಕೆಯ ಸೂಚನೆ ಹೆಚ್ಚಾಗಿ ಫೆಬ್ರವರಿ, ಮಾರ್ಚ್‌ನಲ್ಲಿ ಬರುತ್ತದೆ. ಹೊಸ ದರ ಮಾರ್ಚ್ ಕೊನೆಗೋ ಏಪ್ರಿಲ್ ಬಿಲ್ಲಿಗೋ ಜಾರಿಯಾಗುತ್ತದೆ. ಮನೆಯ ಐದು ಸಿಮ್‌ಗಳ ಲೆಕ್ಕ ನೋಡಿಕೊಳ್ಳುವುದು ನಾನೇ. ಸೂಚನೆ ಬಂದ ದಿನ ನಾನು ಮಾಡುವ ಮೊದಲ ಕೆಲಸ, ಸಹಿ ಹಾಕುವ ಮುಂಚೆ ಕೊಟ್ಟಿದ್ದ ಕಾಂಟ್ರಾಕ್ಟ್ ಸಾರಾಂಶವನ್ನು ತೆಗೆದು ಸೂಚನೆಯ ಪಕ್ಕ ಇಡುವುದು. ಎರಡರಲ್ಲೂ ಏರಿಕೆಯ ಮೊತ್ತ ಒಂದೇ ಇದ್ದರೆ ದಂಡವಿಲ್ಲದೆ ಹೊರಬರುವ ಹಕ್ಕಿಲ್ಲ. ಸೂಚನೆಯಲ್ಲಿ ಹತ್ತು ಪೆನ್ಸ್ ಹೆಚ್ಚಿದ್ದರೂ ಹಕ್ಕಿದೆ. ಮುಂದಿನ ಕೆಲಸವೆಲ್ಲ ಈ ಒಂದು ಹೋಲಿಕೆಯ ಮೇಲೆ ನಿಂತಿದೆ.

ಆ ಸಾರಾಂಶ 2022ರ ಜೂನ್ 17ರಿಂದ ಕಡ್ಡಾಯ. ಒಂದೆರಡು ಪುಟದ ಚಿಕ್ಕ ಕಾಗದ: ತಿಂಗಳ ದರ, ಅವಧಿ, ಮುಂಚಿತವಾಗಿ ಬಿಟ್ಟರೆ ಏನು ಕೊಡಬೇಕು, ಎಲ್ಲ ಅದರಲ್ಲಿರುತ್ತದೆ. ಬಂದ ದಿನವೇ ಪಿಡಿಎಫ್ ಇಳಿಸಿಕೊಂಡು ಇಮೇಲ್‌ನ ಹೊರಗೆ ಇನ್ನೊಂದು ಕಡೆ ಉಳಿಸುತ್ತೇನೆ. ಕಂಪನಿ ಬಿಟ್ಟ ಮೇಲೆ ಅವರ ಆ್ಯಪ್‌ಗೆ ಲಾಗಿನ್ ಆಗುವುದು ನಿಲ್ಲುತ್ತದೆ, ಕಾಗದ ಬೇಕಾಗುವುದು ಸರಿಯಾಗಿ ಆಗಲೇ.

ನಿಮ್ಮ ಕಾಂಟ್ರಾಕ್ಟ್ ಯಾವ ಕಾಲದ್ದು ಎನ್ನುವುದೂ ಮುಖ್ಯ. 2014ರ ಜನವರಿ 23ರ ನಂತರದ ಕಾಂಟ್ರಾಕ್ಟ್‌ಗಳಲ್ಲಿ ಒಪ್ಪಿದ ಮಾಸಿಕ ದರವನ್ನು ನಡುವೆ ಏರಿಸಿದರೆ ಗ್ರಾಹಕ ದಂಡವಿಲ್ಲದೆ ಹೋಗಬಹುದು ಎಂದು ದೂರಸಂಪರ್ಕ ನಿಯಂತ್ರಕ ಆಫ್‌ಕಾಮ್ ಸ್ಪಷ್ಟಪಡಿಸಿತು. ಕಂಪನಿಗಳು ಇದಕ್ಕೆ ಕಂಡುಕೊಂಡ ದಾರಿಯೆಂದರೆ ಏರಿಕೆಯನ್ನೇ ಕಾಂಟ್ರಾಕ್ಟಿನೊಳಗೆ ಬರೆದುಬಿಡುವುದು. ಮೊದಲೇ ಬರೆದ ಏರಿಕೆ 'ಒಪ್ಪಿದ ದರ'ದ ಭಾಗವೇ ಆಗುತ್ತದಲ್ಲ! ಹಾಗೆ ಹುಟ್ಟಿದ್ದು 'ಸಿಪಿಐ (ಗ್ರಾಹಕ ಬೆಲೆ ಸೂಚ್ಯಂಕ) ಮತ್ತು ಅದರ ಮೇಲೆ ಶೇಕಡಾ 3.9' ಎಂಬ ಸೂತ್ರ. 2022ರ ಡಿಸೆಂಬರ್‌ನ ಸಿಪಿಐ ಹಣದುಬ್ಬರ ಶೇ. 10.5 ಇದ್ದುದರಿಂದ 2023ರ ವಸಂತದಲ್ಲಿ ಬಿಲ್ಲುಗಳು ಶೇ. 14.4 ಏರಿದವು. ಸಿಪಿಐ ಬದಲು ಆರ್‌ಪಿಐ (ಚಿಲ್ಲರೆ ಬೆಲೆ ಸೂಚ್ಯಂಕ) ಬಳಸಿದ ಕಡೆ ಏರಿಕೆ ಶೇ. 17.3 ಮುಟ್ಟಿತು. 2024ರಲ್ಲಿ ಸಿಪಿಐ ಸೂತ್ರದವರಿಗೆ ಶೇ. 7.9, 2025ರಲ್ಲಿ ಶೇ. 6.4. ಏರಿಕೆ ಏರಿದ ದರದ ಮೇಲೇ ಕೂರುತ್ತದೆ: 30 ಪೌಂಡಿನ ಪ್ಲಾನ್ 2023ರಲ್ಲಿ 34.32, 2024ರಲ್ಲಿ 37.03.

2025ರ ಜನವರಿ 17ರಿಂದ ಹೊಸ ಕಾಂಟ್ರಾಕ್ಟ್‌ಗಳಲ್ಲಿ ಹಣದುಬ್ಬರಕ್ಕೆ ಕಟ್ಟಿದ ಏರಿಕೆಯನ್ನೂ ಶೇಕಡಾವಾರು ಏರಿಕೆಯನ್ನೂ ಆಫ್‌ಕಾಮ್ ನಿಷೇಧಿಸಿದೆ. ಎಷ್ಟು ಪೌಂಡ್ ಎಷ್ಟು ಪೆನ್ಸ್, ಯಾವಾಗಿನಿಂದ ಎನ್ನುವುದನ್ನು ಮಾರುವಾಗಲೇ ಎದ್ದುಕಾಣುವಂತೆ ಹೇಳಬೇಕು. ಈ ನಿಯಮ ಏರಿಕೆಯನ್ನು ನಿಲ್ಲಿಸಿಲ್ಲ, ಅನೇಕರು ಇಲ್ಲೇ ತಪ್ಪು ತಿಳಿಯುತ್ತಾರೆ. ಆ ದಿನಕ್ಕಿಂತ ಮೊದಲು ಸಹಿ ಮಾಡಿದವರಿಗೆ ಹಳೆಯ ಸೂತ್ರವೇ ಮುಂದುವರಿಯುತ್ತದೆ. ಆದರೆ ಸೇವೆಯ ಕಾಂಟ್ರಾಕ್ಟ್ 24 ತಿಂಗಳು ಮೀರುವಂತಿಲ್ಲವಾದ್ದರಿಂದ, ಅವಧಿ ಮುಗಿದವರು ಯಾವ ದಂಡವೂ ಇಲ್ಲದೆ ಹೊರಡಬಹುದು.

ಪೌಂಡ್ ಲೆಕ್ಕದ ಏರಿಕೆ ಪ್ರಾಮಾಣಿಕವಾಗಿ ಕಾಣುತ್ತದೆ, ಆದರೆ ಸಣ್ಣ ಪ್ಲಾನ್‌ನವರನ್ನು ಹಿಂಡುವುದು ಅದೇ. ತಿಂಗಳಿಗೆ 1.80 ಪೌಂಡ್ ಏರಿಕೆ ಎಂದರೆ 40 ಪೌಂಡಿನ ಪ್ಲಾನ್‌ಗೆ ಶೇ. 4.5, 10 ಪೌಂಡಿನ ಸಿಮ್ ಮಾತ್ರದ ಪ್ಲಾನ್‌ಗೆ ಶೇ. 18. ಹಣದುಬ್ಬರ ಎರಡಂಕಿಗೆ ಹೋಗಿದ್ದ 2023ರ ಏರಿಕೆಗಿಂತಲೂ ಇದು ಹೆಚ್ಚು. ಕಡಿಮೆ ಬಳಸುವ ಹಿರಿಯರ, ವಿದ್ಯಾರ್ಥಿಗಳ ಸಿಮ್‌ಗಳಲ್ಲಿ ಇದನ್ನು ಮೊದಲು ನೋಡುವುದು ಒಳ್ಳೆಯದು.

ಅದಕ್ಕಿಂತ ಹೆಚ್ಚಾಗಿ ಕಣ್ಣಿಗೆ ಬೀಳದೆ ಹೋಗುವುದು ಸಹಿ ಹಾಕುವ ತಿಂಗಳು. ಅದೇ 10 ಪೌಂಡಿನ ಪ್ಲಾನ್, 24 ತಿಂಗಳು, ಪ್ರತಿ ಏಪ್ರಿಲ್‌ನಲ್ಲಿ 1.80 ಏರಿಕೆ ಎಂದಿಟ್ಟುಕೊಳ್ಳಿ. ಮಾರ್ಚ್ 1ಕ್ಕೆ ಶುರುವಾಗಿ, ಮುಂದಿನ ತಿಂಗಳ ಏರಿಕೆಯೇ ತಗುಲಿದರೆ 1 ತಿಂಗಳು 10.00, ಆಮೇಲೆ 12 ತಿಂಗಳು 11.80, ಉಳಿದ 11 ತಿಂಗಳು 13.60, ಒಟ್ಟು 301.20 ಪೌಂಡ್. ಮೇ 1ಕ್ಕೆ ಶುರುವಾದರೆ 11 ತಿಂಗಳು 10.00, 12 ತಿಂಗಳು 11.80, ಕೊನೆಯ 1 ತಿಂಗಳು ಮಾತ್ರ 13.60, ಒಟ್ಟು 265.20. ಎರಡೇ ತಿಂಗಳು ತಡವಾಗಿ ಸಹಿ ಹಾಕಿದ್ದಕ್ಕೆ 36 ಪೌಂಡ್ ಉಳಿಯಿತು. ಕೆಲವು ಕಂಪನಿಗಳು ವರ್ಷದ ಆರಂಭದಲ್ಲಿ ಸೇರಿದವರಿಗೆ ಮೊದಲ ಏಪ್ರಿಲ್ ಬಿಟ್ಟುಕೊಡುತ್ತವೆ, ಹಾಗಾಗಿ ಸಾರಾಂಶದಲ್ಲಿ ಮೊದಲ ಏರಿಕೆಯ ತಾರೀಖನ್ನು ಹುಡುಕಿ. ಚಳಿಗಾಲದಲ್ಲಿ ಹಳೆಯ ಕಾಂಟ್ರಾಕ್ಟ್ ಮುಗಿದರೆ ನಾನು 30 ದಿನದ ಸಿಮ್ ಪ್ಲಾನ್ ಹಾಕಿಕೊಂಡು ಏಪ್ರಿಲ್ ದಾಟಿಸಿ, ನಂತರವೇ ದೀರ್ಘಾವಧಿಯ ಪ್ಲಾನ್ ನೋಡುತ್ತೇನೆ. ಜಾಹೀರಾತಿನ ಮಾಸಿಕ ದರಗಳನ್ನು ಹೋಲಿಸುವುದನ್ನು ಪೂರ್ತಿ ಬಿಟ್ಟಿದ್ದೇನೆ, 24 ತಿಂಗಳ ಒಟ್ಟು ಮೊತ್ತವನ್ನಷ್ಟೇ ಹೋಲಿಸುತ್ತೇನೆ.

ಈಗ ಹೊರಬರುವ ಹಕ್ಕಿನ ವಿಷಯ. ಕಾಂಟ್ರಾಕ್ಟಿನಲ್ಲಿ ಇಲ್ಲದ ಬದಲಾವಣೆಯನ್ನು ಕಂಪನಿ ತಂದರೆ ಕನಿಷ್ಠ ಒಂದು ತಿಂಗಳ ಮುಂಚೆ ತಿಳಿಸಬೇಕು, ದಂಡವಿಲ್ಲದೆ ಬಿಡಬಹುದು ಎಂದೂ ಹೇಳಬೇಕು. ದರ ಏರಿಕೆಗೆ ಮಾತ್ರ ಇದು ಸೀಮಿತವಲ್ಲ. ಡೇಟಾ ಕಡಿತ, ಪ್ಲಾನಿನೊಳಗಿದ್ದ ರೋಮಿಂಗ್ ತೆಗೆದುಹಾಕುವುದು ಕೂಡ ಇದರಲ್ಲಿ ಬರುತ್ತವೆ. ಗ್ರಾಹಕರಿಗೆ ಲಾಭವಷ್ಟೇ ಆಗುವ ಬದಲಾವಣೆ, ತೊಂದರೆಯಿಲ್ಲದ ಬರೀ ಆಡಳಿತಾತ್ಮಕ ಬದಲಾವಣೆ, ಕಾನೂನೇ ನೇರವಾಗಿ ಹೇರಿದ ಬದಲಾವಣೆ, ಈ ಮೂರಕ್ಕೆ ವಿನಾಯಿತಿ ಇದೆ. 2025ರ ಅಕ್ಟೋಬರ್‌ನಲ್ಲಿ ಓ2 ಕಂಪನಿ ಮೊದಲು 1.80 ಎಂದಿದ್ದ ವಾರ್ಷಿಕ ಏರಿಕೆಯನ್ನು 2.50 ಪೌಂಡ್‌ಗೆ ಒಯ್ದಾಗ ನಡೆದದ್ದು ಇದೇ. ಮಾತು ಕೊಟ್ಟದ್ದಕ್ಕಿಂತ 70 ಪೆನ್ಸ್ ಹೆಚ್ಚಾದ ಕಾರಣ 30 ದಿನಗಳ ಬಾಗಿಲು ತೆರೆಯಬೇಕಾಯಿತು. ಆಫ್‌ಕಾಮ್ ಬಹಿರಂಗವಾಗಿಯೇ ಅಸಮಾಧಾನ ಹೇಳಿತು. ಇಂಥ ಸೂಚನೆಯ ಇಮೇಲ್‌ಗಳು ನೋಡಲು ಮಾಮೂಲಿ ಪ್ರಚಾರದ ಇಮೇಲ್‌ನಂತೆಯೇ ಇರುತ್ತವೆ, ಓದದೆ ಅಳಿಸಿದರೆ ಮೂವತ್ತು ದಿನ ಕೈತಪ್ಪಿ ಹೋಗುತ್ತದೆ.

ಹಕ್ಕಿದೆ ಎಂದು ಖಚಿತವಾದ ಮೇಲೆ ಮಾಡುವ ಕೆಲಸಗಳ ಕ್ರಮ ತಪ್ಪಬಾರದು. ನಾನು ಕಂಡ ನಷ್ಟಗಳಲ್ಲಿ ಹೆಚ್ಚಿನವು ಕ್ರಮ ತಪ್ಪಿದ್ದರಿಂದ ಆದವು.

ಮೊದಲು ಹೊಸ ಸಿಮ್. ಬೇರೆ ನೆಟ್‌ವರ್ಕಿನ 30 ದಿನದ ಪ್ಲಾನ್ ಒಂದನ್ನು ತಾತ್ಕಾಲಿಕ ನಂಬರಿನಲ್ಲಿ ಹಾಕಿ, ಮನೆಯೊಳಗೆ, ಕೆಲಸದ ಜಾಗದಲ್ಲಿ, ರೈಲಿನ ದಾರಿಯಲ್ಲಿ ಸಿಗ್ನಲ್ ನೋಡುತ್ತೇನೆ. ಕವರೇಜ್ ನಕ್ಷೆಯನ್ನು ನಂಬಿ ಬಿಟ್ಟು ಹೋದವರು ಗೋಡೆಗಳ ನಡುವೆ ಸಿಗ್ನಲ್ ಇಲ್ಲದೆ ಪರದಾಡುತ್ತಾರೆ. 2021ರ ಡಿಸೆಂಬರ್‌ನಿಂದ ಕಂಪನಿಗಳು ಲಾಕ್ ಆದ, ಅಂದರೆ ಬೇರೆ ನೆಟ್‌ವರ್ಕಿನ ಸಿಮ್ ಒಪ್ಪದ ಫೋನ್ ಮಾರುವಂತಿಲ್ಲ. ಅದಕ್ಕಿಂತ ಹಳೆಯ ಫೋನಾದರೆ ಅನ್‌ಲಾಕ್ ಆಗಿದೆಯೇ ಎಂಬುದೂ ಈ ಹಂತದಲ್ಲೇ ಗೊತ್ತಾಗುತ್ತದೆ.

ಎರಡನೆಯದು, ಹಳೆಯ ಕಂಪನಿಯ ಜೊತೆ ಬರಹದಲ್ಲಿ ಮಾತು. ಫೋನ್ ಬದಲು ಚಾಟ್ ಒಳ್ಳೆಯದು, ಪ್ರತಿ ಉಳಿಯುತ್ತದೆ. ನಾನು ನಾಲ್ಕೇ ಸಂಗತಿ ಬರೆಯುತ್ತೇನೆ: ಸೂಚನೆಯ ತಾರೀಖು, ಕಾಂಟ್ರಾಕ್ಟಿನಲ್ಲಿದ್ದ ಏರಿಕೆ, ಸೂಚನೆಯಲ್ಲಿರುವ ಏರಿಕೆ, ಈ ಬದಲಾವಣೆಯ ಕಾರಣಕ್ಕೆ ದಂಡವಿಲ್ಲದೆ ಬಿಡುತ್ತಿದ್ದೇನೆ ಎಂಬ ಒಂದು ವಾಕ್ಯ. ಅವಧಿಪೂರ್ವ ಶುಲ್ಕ ಸೊನ್ನೆ ಎಂದು ಅವರ ಬಾಯಿಂದಲೇ ಬರುವವರೆಗೆ ಚಾಟ್ ಮುಚ್ಚುವುದಿಲ್ಲ. ಈ ಹಂತ ಬಿಟ್ಟು ನೇರವಾಗಿ ನಂಬರ್ ವರ್ಗ ಮಾಡಿದರೆ, ಕಂಪ್ಯೂಟರ್‌ಗೆ ನಿಮ್ಮ ಹಕ್ಕಿನ ವಿಷಯ ಗೊತ್ತಿರುವುದಿಲ್ಲ. ಕೊನೆಯ ಬಿಲ್ಲಿಗೆ ಪೂರ್ತಿ ಶುಲ್ಕ ಸೇರಿಸಿ ಡೈರೆಕ್ಟ್ ಡೆಬಿಟ್‌ನಲ್ಲಿ ಎಳೆದುಕೊಳ್ಳುತ್ತದೆ. ಆಮೇಲೆ ವಾಪಸ್ ಪಡೆಯಲು ವಾರಗಟ್ಟಲೆ ಬೇಕು.

ಮೂರನೆಯದು, ವರ್ಗಾವಣೆಯ ಸಂಕೇತ. ಹಳೆಯ ಸಿಮ್‌ನಿಂದ ಇಂಗ್ಲಿಷಿನಲ್ಲಿ ಪಿ, ಎ, ಸಿ ಎಂಬ ಮೂರು ಅಕ್ಷರ ಬರೆದು 65075ಕ್ಕೆ ಉಚಿತ ಮೆಸೇಜ್ ಕಳಿಸಿದರೆ ನಿಮಿಷದೊಳಗೆ ಸಂಕೇತ ಬರುತ್ತದೆ. ನಂಬರ್ ಉಳಿಸಿಕೊಳ್ಳುವುದು ಬೇಡವಾದರೆ ಎಸ್, ಟಿ, ಎ, ಸಿ ಎಂದು 75075ಕ್ಕೆ. ಸಂಕೇತಕ್ಕೆ 30 ದಿನ ಆಯುಸ್ಸು. ಅದನ್ನು ಹೊಸ ಕಂಪನಿಗೆ ಕೊಟ್ಟರೆ ಮುಂದಿನ ಕೆಲಸದ ದಿನ ನಂಬರ್ ಬರುತ್ತದೆ, ಹಳೆಯ ಕಾಂಟ್ರಾಕ್ಟ್ ತಾನಾಗಿಯೇ ಮುಗಿಯುತ್ತದೆ. ಹಳೆಯದನ್ನು ಫೋನ್ ಮಾಡಿ ಮೊದಲೇ ರದ್ದು ಮಾಡಬೇಡಿ. ರದ್ದಾದ ನಂಬರನ್ನು ವರ್ಗ ಮಾಡಿಸುವುದು ಕಷ್ಟ. ಬ್ಯಾಂಕು, ಆಸ್ಪತ್ರೆ, ಮಕ್ಕಳ ಶಾಲೆ, ಎಲ್ಲ ಕಡೆ ಕೊಟ್ಟಿದ್ದ ನಂಬರ್ ಹೋಗಿಬಿಡಬಹುದು. ಸಂಕೇತವನ್ನು ಸೋಮವಾರ ಅಥವಾ ಮಂಗಳವಾರ ಕೊಡುವುದು ನನ್ನ ರೂಢಿ. ಶುಕ್ರವಾರ ಸಂಜೆ ಕೊಟ್ಟರೆ ವಾರಾಂತ್ಯವೆಲ್ಲ ಕಾಯಬೇಕು, ಏನಾದರೂ ಕೆಟ್ಟರೆ ಕೇಳಲು ಆಳಿರುವುದಿಲ್ಲ. ವರ್ಗವಾಗುವ ದಿನ ಕೆಲವು ಗಂಟೆ ಒಟಿಪಿ ಬರದೇ ಹೋಗಬಹುದು, ಅಂದು ದೊಡ್ಡ ಹಣ ಪಾವತಿ ಇಟ್ಟುಕೊಳ್ಳುವುದಿಲ್ಲ.

ಡೈರೆಕ್ಟ್ ಡೆಬಿಟ್ ರದ್ದು ಮಾಡುವುದು ಕಟ್ಟಕಡೆಗೆ, ಅಂತಿಮ ಬಿಲ್ ಬಂದು ಲೆಕ್ಕ ತೀರಿದ ಮೇಲೆ. ಸಿಟ್ಟಿನಲ್ಲಿ ಮೊದಲೇ ಅದನ್ನು ನಿಲ್ಲಿಸುವವರಿದ್ದಾರೆ. ಹಾಗೆ ಮಾಡಿದರೆ ಕಾಂಟ್ರಾಕ್ಟ್ ಮುಗಿಯುವುದಿಲ್ಲ, ಬಾಕಿ ಮಾತ್ರ ಬೆಳೆಯುತ್ತದೆ. ಅದು ಡಿಫಾಲ್ಟ್ ಆದರೆ ಕ್ರೆಡಿಟ್ ದಾಖಲೆಯಲ್ಲಿ 6 ವರ್ಷ ಉಳಿಯುತ್ತದೆ. ಮನೆ ಸಾಲ ಕೇಳುವವರಿಗೆ ಇದು ಕೆಲವೇ ಪೌಂಡಿನ ಜಗಳಕ್ಕೆ ತೀರಾ ದುಬಾರಿ ಬೆಲೆ.

ಫೋನ್ ಕಂತಿನವರು ಇನ್ನೊಂದು ವಿಷಯ ಗಮನಿಸಬೇಕು. ಈಗ ಹಲವು ಕಂಪನಿಗಳು ಫೋನಿನ ಕಂತನ್ನೂ ಸೇವೆಯ ಶುಲ್ಕವನ್ನೂ ಬೇರೆ ಬೇರೆ ಕಾಂಟ್ರಾಕ್ಟ್ ಮಾಡುತ್ತವೆ. ಏರಿಕೆ ಸೇವೆಯ ಭಾಗಕ್ಕೆ ಮಾತ್ರ, ಫೋನ್ ಕಂತು ಸಾಲದ ಒಪ್ಪಂದವಾದ್ದರಿಂದ ಬದಲಾಗುವುದಿಲ್ಲ. ಹಾಗೆಯೇ ಸೇವೆಯಿಂದ ದಂಡವಿಲ್ಲದೆ ಹೊರಬಂದರೂ ಫೋನಿನ ಬಾಕಿ ತೀರಿಸಲೇಬೇಕು. ಕೆಲವು ಒಪ್ಪಂದಗಳಲ್ಲಿ ಸೇವೆ ಬಿಟ್ಟ ಕೂಡಲೇ ಬಾಕಿಯನ್ನು ಒಂದೇ ಗಂಟಿನಲ್ಲಿ ಕೇಳುತ್ತಾರೆ. ಇದನ್ನು ಮೊದಲೇ ಕೇಳಿ ತಿಳಿಯದೆ ವರ್ಗ ಮಾಡಿದರೆ ಉಳಿಸಲು ಹೋದದ್ದಕ್ಕಿಂತ ಎಷ್ಟೋ ಪಟ್ಟು ಒಮ್ಮೆಗೇ ಕೈಬಿಡುತ್ತದೆ. ವಾಚಿನ ಇ-ಸಿಮ್, ಟ್ಯಾಬ್ಲೆಟ್ ಸಿಮ್ ಇದ್ದರೆ ಅವೂ ಪ್ರತ್ಯೇಕ ಕಾಂಟ್ರಾಕ್ಟ್‌ಗಳು, ಪ್ರತಿಯೊಂದಕ್ಕೂ ಮುಗಿಯುವ ತಾರೀಖು ಬೇರೆ. ಒಂದು ಲೈನ್ ಹೋದರೆ ಉಳಿದವಕ್ಕೆ ಸಿಗುತ್ತಿದ್ದ ಕುಟುಂಬ ರಿಯಾಯಿತಿಯೂ ಹೋಗಬಹುದು.

ಏರಿಕೆ ಕಾಂಟ್ರಾಕ್ಟಿನಲ್ಲಿದ್ದ ಪ್ರಕಾರವೇ ಬಂದಿದ್ದರೆ ಮಾಡಬಹುದಾದದ್ದು ಕಡಿಮೆ, ಆದರೆ ಇಲ್ಲವೆಂದಲ್ಲ. ಐ, ಎನ್, ಎಫ್, ಓ ಎಂದು ಬರೆದು 85075ಕ್ಕೆ ಕಳಿಸಿ, ಇಂದು ಬಿಟ್ಟರೆ ಎಷ್ಟು ಕೊಡಬೇಕೆಂಬ ಉತ್ತರ ಬರುತ್ತದೆ, ಏನೂ ರದ್ದಾಗುವುದಿಲ್ಲ. ಬಂದ ಮೊತ್ತಕ್ಕೆ ಹೊಸ ಅಗ್ಗದ ಪ್ಲಾನಿನ ಉಳಿದ ತಿಂಗಳ ಖರ್ಚು ಕೂಡಿಸಿ, ಈಗಿನದರಲ್ಲೇ ಉಳಿದರೆ ಆಗುವ ಖರ್ಚಿನ ಜೊತೆ ಹೋಲಿಸುತ್ತೇನೆ. ಕೊನೆಯ ಎರಡು ಮೂರು ತಿಂಗಳಲ್ಲಿ ಒಮ್ಮೊಮ್ಮೆ ಬಿಡುವುದೇ ಲಾಭ, ಅದಕ್ಕೆ ಮೊದಲು ಬಹಳ ಅಪರೂಪ. ಬಿಟ್ಟುಹೋಗುವ ಗ್ರಾಹಕರನ್ನು ಉಳಿಸಿಕೊಳ್ಳುವ ವಿಭಾಗದವರು ಫೋನಿನಲ್ಲಿ ದರ ಇಳಿಸಿದ್ದೇವೆ ಎಂದರೆ ಖುಷಿಪಡುವ ಮುಂಚೆ, ಅದು ಹೊಸ 24 ತಿಂಗಳ ಕಾಂಟ್ರಾಕ್ಟೇ, ಅದರಲ್ಲಿ ಏರಿಕೆ ಎಷ್ಟು ಎಂದು ಕೇಳಿ. ನಿಜವಾಗಿ ಕಷ್ಟದಲ್ಲಿರುವವರು ಹಾಗೆಂದು ನೇರವಾಗಿ ಹೇಳಬೇಕು. 2022ರ ಜೂನ್‌ನಲ್ಲಿ ದೊಡ್ಡ ಕಂಪನಿಗಳು ಇಂಥವರನ್ನು ದಂಡವಿಲ್ಲದೆ ಅಗ್ಗದ ಪ್ಲಾನಿಗೆ ಬದಲಿಸುವುದೂ ಸೇರಿದಂತೆ ನೆರವು ಕೊಡುವುದಾಗಿ ಸರ್ಕಾರಕ್ಕೆ ಮಾತು ಕೊಟ್ಟಿವೆ. ಆದರೆ ಕೇಳದವರಿಗೆ ಅದನ್ನು ತಾವಾಗಿ ನೆನಪಿಸುವವರು ಕಡಿಮೆ.

ಹಕ್ಕಿದ್ದೂ ಶುಲ್ಕ ಹಾಕಿದರೆ 'ದೂರು' ಎಂಬ ಪದವನ್ನೇ ಬಳಸಿ ದಾಖಲಿಸಿ, ದೂರಿನ ಸಂಖ್ಯೆ ಪಡೆಯಿರಿ. ಬರೀ ವಿಚಾರಣೆ ಎಂದು ಬರೆದುಕೊಂಡರೆ ದೂರಿನ ಗಡುವಿನ ಗಡಿಯಾರ ಓಡುವುದೇ ಇಲ್ಲ. ಇನ್ನು ನಮ್ಮಿಂದ ಆಗದು ಎನ್ನುವ ಡೆಡ್‌ಲಾಕ್ ಪತ್ರವನ್ನು ಬರಹದಲ್ಲಿ ಕೇಳಿ. ಪತ್ರ ಬಂದರೆ ಕೂಡಲೇ, ಬಾರದೆ 8 ವಾರ ದಾಟಿದರಂತೂ ನಿಸ್ಸಂಶಯವಾಗಿ, ಸ್ವತಂತ್ರ ವ್ಯಾಜ್ಯ ಪರಿಹಾರಕ್ಕೆ ಹೋಗಬಹುದು. ಅದು ಎರಡು ಕಡೆ ಇದೆ: ಕಮ್ಯುನಿಕೇಷನ್ಸ್ ಓಂಬುಡ್ಸ್‌ಮನ್ ಮತ್ತು ಸಿಸಾಸ್. ಯಾವುದಕ್ಕೆ ಹೋಗಬೇಕು ಎನ್ನುವುದು ನಿಮ್ಮ ಕಂಪನಿ ಯಾವುದರ ಸದಸ್ಯ ಎನ್ನುವುದರ ಮೇಲೆ, ಬಿಲ್ಲಿನ ಹಿಂದೆ ಬರೆದಿರುತ್ತದೆ. ಖರ್ಚಿಲ್ಲ. ತೀರ್ಪನ್ನು ನೀವು ಒಪ್ಪಿದರೆ ಕಂಪನಿ ಪಾಲಿಸಲೇಬೇಕು, ನೀವು ಒಪ್ಪದಿದ್ದರೆ ಅದು ನಿಮ್ಮನ್ನು ಕಟ್ಟಿಹಾಕುವುದಿಲ್ಲ. ಆಫ್‌ಕಾಮ್‌ಗೆ ಬರೆದರೆ ನಿಮ್ಮ ಒಂದು ಬಿಲ್ಲಿನ ಜಗಳ ಬಗೆಹರಿಯುವುದಿಲ್ಲ, ಆದರೂ ಬರೆಯಿರಿ. ಯಾವ ಕಂಪನಿಯನ್ನು ವಿಚಾರಿಸಬೇಕೆಂದು ಅವರು ನೋಡುವುದು ಇಂಥ ದೂರುಗಳನ್ನೇ. ಅರ್ಜಿಯ ಜೊತೆ ನಾನು ಲಗತ್ತಿಸುವುದು ಮೂರೇ ಕಾಗದ: ಕಾಂಟ್ರಾಕ್ಟ್ ಸಾರಾಂಶ, ಏರಿಕೆಯ ಸೂಚನೆ, ಚಾಟಿನ ಪ್ರತಿ. ಮೂರರಲ್ಲೂ ಮೊತ್ತ ಮತ್ತು ತಾರೀಖಿಗೆ ಗೆರೆ ಎಳೆದಿರುತ್ತೇನೆ.