ಎರಡು ತಲೆಯ ದನ, ಹತ್ತರ ಲೆಕ್ಕ: ಫಾಲ್‌ಔಟ್ 4ರಲ್ಲಿ ಬ್ರಾಹ್ಮಿನ್ ಸಾಕಣೆ

ಫಾಲ್‌ಔಟ್ 4 ಎಂಬ ವಿಡಿಯೊ ಗೇಮಿನ ಬ್ರಾಹ್ಮಿನ್ ಅಣುಯುದ್ಧದ ವಿಕಿರಣದಿಂದ ರೂಪ ಬದಲಾದ ದನ. ಮೈ ಒಂದು, ತಲೆ ಎರಡು. ರೋಮ ಉದುರಿದ ಕೆಂಪು ತೊಗಲು, ಜೋತುಬಿದ್ದ ದೊಡ್ಡ ಕೆಚ್ಚಲು. 2287ರ ಮ್ಯಾಸಚೂಸೆಟ್ಸ್‌ನಲ್ಲಿ ಅಲೆಯುವ ಹೆಚ್ಚಿನ ಆಟಗಾರರಿಗೆ ಇದು ಹೇರು ಹೊರುವ ಪ್ರಾಣಿ, ಇಲ್ಲವೇ ಮಾಂಸ. ನಾನು ಸಾಕುವುದು ಸಗಣಿಗಾಗಿ. ದಿನ ಬಿಡದೆ ಗೊಬ್ಬರ ಕೊಡುವ ಪ್ರಾಣಿ ಇದೊಂದೇ. ಗೊಬ್ಬರವಿದ್ದರೆ ಜೆಟ್ ಎಂಬ ಆಟದ ಮಾದಕ ಮದ್ದು ತಯಾರಿಸಬಹುದು, ಕೆಲವು ಸ್ಫೋಟಕಗಳಿಗೂ ಅದು ಬೇಕು.

ದನ ಎಲ್ಲಿಂದ ಬರುತ್ತದೆ? ನೆಲೆಯಲ್ಲಿ, ಅಂದರೆ ಆಟದಲ್ಲಿ ನೀವು ಕಟ್ಟಿ ಬೆಳೆಸುವ ಊರಿನಲ್ಲಿ, ಜನರನ್ನು ಕರೆಯುವ ರೇಡಿಯೊ ಬೀಕನ್ ಕಟ್ಟಬೇಕು. ಅದಕ್ಕೆ 1 ಯೂನಿಟ್ ವಿದ್ಯುತ್ ಸಾಕು, ಸಣ್ಣ ಜನರೇಟರ್ 3 ಕೊಡುತ್ತದೆ. ಹೊಸಬರು ಬಂದಾಗ ಕೆಲವೊಮ್ಮೆ ಅವರ ಜೊತೆಯಲ್ಲೇ ಒಂದು ಬ್ರಾಹ್ಮಿನ್ ಬರುತ್ತದೆ. ಪ್ರತಿ ಸಲವೂ ಬರುವುದಿಲ್ಲ, ಆದ್ದರಿಂದ ಮೊದಲ ದಿನಗಳಲ್ಲೇ ಬೀಕನ್ ಆರಿಸಬೇಡಿ. ಆದರೆ ಬರುವವರಿಗೆ ಹಾಸಿಗೆ, ನೀರು, ಊಟ ಬೀಕನ್ ಹಚ್ಚುವ ಮೊದಲೇ ಸಿದ್ಧವಿರಬೇಕು. ಒಬ್ಬ ಆಳು ನೋಡಿಕೊಳ್ಳಬಲ್ಲ ಬೆಳೆ 6 ಆಹಾರದಷ್ಟು: ಮಟ್‌ಫ್ರೂಟ್ ಆದರೆ 6 ಗಿಡ, ಜೋಳ ಅಥವಾ ಟಾಟೊ ಆದರೆ ಗಿಡಕ್ಕೆ ಅರ್ಧವೇ ಆದ್ದರಿಂದ 12. ನೆಲೆಯ ಜನಸಂಖ್ಯೆಯ ಮಿತಿ 10, ಅದರ ಮೇಲೆ ನಿಮ್ಮ ಪಾತ್ರದ ಕರಿಸ್ಮಾ (ಜನರನ್ನು ಸೆಳೆಯುವ ಗುಣದ ಅಂಕ) ಎಷ್ಟೋ ಅಷ್ಟು.

ದನ ಬಂದ ಕೂಡಲೇ ಗೋದಲಿ ಕಟ್ಟಿ. ನೆಲೆಯಲ್ಲಿ ಏನನ್ನಾದರೂ ಕಟ್ಟಲು ತೆರೆಯುವ ವರ್ಕ್‌ಶಾಪ್ ಮೆನುವಿನಲ್ಲೇ ಇದೆ, ಖರ್ಚು ಅಲ್ಪ. ಗೋದಲಿ ಇಲ್ಲದಿದ್ದರೆ ದನ ನೆಲೆಯ ಉದ್ದಗಲ ಅಲೆಯುತ್ತದೆ. ಇದ್ದರೆ ಹೆಚ್ಚು ಹೊತ್ತು ಅದರ ಸುತ್ತಲೇ ನಿಲ್ಲುತ್ತದೆ. ಎಲ್ಲಿ ಇಡುತ್ತೀರಿ ಅನ್ನುವುದರ ಮೇಲೆ ಮುಂದಿನದೆಲ್ಲ ನಿಂತಿದೆ. ಮನೆಯ ಗೋಡೆಗೆ ತಾಗಿಸಿ, ಮೆಟ್ಟಿಲ ಬುಡದಲ್ಲಿ, ಬಾಗಿಲ ಎದುರು ಇಡಬಾರದು. ಆಟದ ಮೊದಮೊದಲ ನೆಲೆಯಾದ ಸ್ಯಾಂಕ್ಚುಯರಿಯಲ್ಲಾದರೆ ರಸ್ತೆಯ ಕೊನೆಯ ದೊಡ್ಡ ಮರದ ಕಡೆಯ ಬಯಲು ನನಗೆ ಒಗ್ಗಿದೆ. ನೆಲ ಸಮತಟ್ಟಾಗಿರಲಿ, ನಾಲ್ಕೂ ಕಡೆ ದನ ತಿರುಗುವಷ್ಟು ಜಾಗ ಬಿಡಿ.

ಹೀಗೆ ಇಟ್ಟರೂ ಒಂದು ದಿನ ದನ ಮನೆಯ ಮಾಡಿನ ಮೇಲೆ ನಿಂತಿರುತ್ತದೆ. ಅದು ಹತ್ತಿ ಹೋದದ್ದಲ್ಲ. ನೀವು ದೂರ ಹೋಗಿ ಫಾಸ್ಟ್ ಟ್ರಾವೆಲ್‌ನಲ್ಲಿ (ನಕ್ಷೆಯಲ್ಲಿ ಜಾಗ ಆರಿಸಿ ನೇರ ಅಲ್ಲಿಗೆ ಹಾರಿ) ಮರಳಿದಾಗ ಆಟ ಆ ಜಾಗವನ್ನು ಹೊಸದಾಗಿ ತುಂಬಿಕೊಳ್ಳುತ್ತದೆ, ಆಳುಗಳನ್ನೂ ದನಗಳನ್ನೂ ತನಗೆ ತೋಚಿದ ಜಾಗದಲ್ಲಿ ಇಡುತ್ತದೆ. ಚಪ್ಪಟೆ ಚಾವಣಿ ಆಟದ ಕಣ್ಣಿಗೆ ನಡೆಯಬಹುದಾದ ನೆಲವೇ. ಬೇಲಿ ಹಾಕಿ ಪ್ರಯೋಜನವಿಲ್ಲದ್ದಕ್ಕೂ ಇದೇ ಕಾರಣ: ಮರುಲೋಡ್‌ನಲ್ಲಿ ದನ ಬೇಲಿಯ ಆಚೆ ಬಿದ್ದರೆ ಅದೇ ಬೇಲಿ ಅದನ್ನು ಒಳಗೆ ಬರಲು ಬಿಡುವುದಿಲ್ಲ. ನಾನು ಬೇಲಿಯ ಒಂದು ಬದಿಯನ್ನು ಪೂರ್ತಿ ತೆರೆದಿಡುತ್ತೇನೆ. ಪಿಸಿಯಲ್ಲಿ ಆಡುವವರಿಗೆ ಇನ್ನೊಂದು ದಾರಿ ಇದೆ: ಆಟಕ್ಕೆ ಆಜ್ಞೆ ಬರೆಯುವ ಕನ್ಸೋಲ್ ಕಿಟಕಿ ತೆರೆದು, ದನದ ಮೇಲೆ ಕ್ಲಿಕ್ ಮಾಡಿ, ಮೂವ್‌ಟು ಪ್ಲೇಯರ್ ಎಂಬ ಆಜ್ಞೆ ಕೊಟ್ಟರೆ ಅದು ನೀವು ನಿಂತಲ್ಲಿಗೇ ಬರುತ್ತದೆ. ಮೊದಲು ಗೋದಲಿಯ ಪಕ್ಕ ಹೋಗಿ ನಿಲ್ಲಿ.

ಈಗ ಗೊಬ್ಬರ. ಆಟದ ಒಂದು ದಿನಕ್ಕೆ ಒಂದು ದನದಿಂದ ಒಂದು ಗೊಬ್ಬರ ವರ್ಕ್‌ಶಾಪ್ ಪೆಟ್ಟಿಗೆಗೆ ಸೇರುತ್ತದೆ. ಅಲ್ಲಿ 10 ಕೂಡಿತೆಂದರೆ ಉತ್ಪತ್ತಿ ನಿಲ್ಲುತ್ತದೆ. ದನ ನಿಂತೇ ಇರುತ್ತದೆ, ಗೋದಲಿಯೂ ಇರುತ್ತದೆ, ಪರದೆಯ ಮೇಲೆ ಒಂದು ಸೂಚನೆಯೂ ಬರುವುದಿಲ್ಲ. ದನ ಕೆಟ್ಟುಹೋಯಿತು, ಆಟದಲ್ಲಿ ದೋಷವಿದೆ ಎಂದು ಬಹಳ ಜನ ಸೋಲುವುದು ಇಲ್ಲೇ. ಎರಡು ದನವಿದ್ದರೆ ಐದೇ ದಿನಕ್ಕೆ ಪೆಟ್ಟಿಗೆ ತುಂಬಿತು. ಪರಿಹಾರ ಸುಲಭ: ವರ್ಕ್‌ಶಾಪ್ ಪಕ್ಕದಲ್ಲೇ ಒಂದು ಸಾಮಾನ್ಯ ಪೆಟ್ಟಿಗೆ ಇಟ್ಟು, ನೆಲೆಗೆ ಬಂದಾಗಲೆಲ್ಲ ಗೊಬ್ಬರವನ್ನು ಅದಕ್ಕೆ ಸುರಿಯಿರಿ. ಮಿಗುವ ನೀರಿಗೂ ಬೆಳೆಗೂ ಇಂಥದೇ ಮಿತಿ ಇದೆ, ಅವನ್ನೂ ಹಾಗೆಯೇ ತೆಗೆದಿಡಿ.

ಇದರಲ್ಲಿ ಒಂದು ತೊಡಕಿದೆ. ಸಾಮಾನ್ಯ ಪೆಟ್ಟಿಗೆಯಲ್ಲಿರುವ ಸಾಮಾನನ್ನು ಜೆಟ್ ತಯಾರಿಸುವ ಮೇಜಾದ ಕೆಮಿಸ್ಟ್ರಿ ಸ್ಟೇಷನ್ ನೋಡುವುದಿಲ್ಲ. ಅದು ನೋಡುವುದು ವರ್ಕ್‌ಶಾಪ್ ಪೆಟ್ಟಿಗೆಯನ್ನು, ಪೂರೈಕೆ ಹಾದಿಯಿಂದ ಜೋಡಿಸಿದ ಬೇರೆ ನೆಲೆಗಳ ದಾಸ್ತಾನನ್ನು, ಮತ್ತು ನಿಮ್ಮ ಮೈಮೇಲಿರುವುದನ್ನು ಮಾತ್ರ. ಹಾಗಾಗಿ ತಯಾರಿಸುವ ಹೊತ್ತಿಗೆ ಬೇಕಾದಷ್ಟನ್ನು ಕೈಗೆತ್ತಿಕೊಳ್ಳಬೇಕು. ಒಂದು ಜೆಟ್‌ಗೆ 2 ಗೊಬ್ಬರ, 1 ಪ್ಲಾಸ್ಟಿಕ್. ಯಾವ ಪರ್ಕ್ (ಪಾತ್ರ ಗಳಿಸುವ ವಿಶೇಷ ಕೌಶಲ) ಕೂಡ ಬೇಡ. ಹತ್ತು ಗೊಬ್ಬರಕ್ಕೆ ಐದು ಜೆಟ್. ಜೆಟ್‌ನ ಮೂಲ ಬೆಲೆ 50 ಕ್ಯಾಪ್ (ಆಟದಲ್ಲಿ ಹಣವಾಗಿ ಬಳಸುವ ಬಾಟಲಿ ಮುಚ್ಚಳ), ವ್ಯಾಪಾರಿ ಕೊಡುವುದು ಅದಕ್ಕಿಂತ ಕಡಿಮೆ. ಗೊಬ್ಬರ ಮುಗಿಯುವ ಮೊದಲೇ ಪ್ಲಾಸ್ಟಿಕ್ ಮುಗಿಯುತ್ತದೆ, ಸುತ್ತಾಡುವಾಗ ಪ್ಲಾಸ್ಟಿಕ್ ತಟ್ಟೆ ಕಂಡರೆ ಬಿಡಬೇಡಿ.

ಪೂರೈಕೆ ಹಾದಿಗೆ ಲೋಕಲ್ ಲೀಡರ್ ಪರ್ಕ್ ಬೇಕು, ಅದಕ್ಕೆ ಕರಿಸ್ಮಾ 6. ಒಬ್ಬ ಆಳನ್ನು ಆ ಕೆಲಸಕ್ಕೆ ಹಚ್ಚಿದರೆ ಅವನ ಹಿಂದೆ ಹೇರು ಹೊತ್ತ ಬ್ರಾಹ್ಮಿನ್ ನಡೆಯುತ್ತದೆ, ನಮ್ಮ ಕಡೆಯ ಹಳೆಯ ಹೇರೆತ್ತಿನ ಹಾಗೆಯೇ. ಆ ದನವನ್ನು, ಟ್ರ್ಯಾಶ್‌ಕ್ಯಾನ್ ಕಾರ್ಲಾಳಂಥ ವ್ಯಾಪಾರಿಗಳ ದನವನ್ನು ನಿಮ್ಮ ಕೊಟ್ಟಿಗೆಯ ಲೆಕ್ಕಕ್ಕೆ ಹಿಡಿಯಬೇಡಿ.

ಮಾಂಸದ ಬಗ್ಗೆ ಇಷ್ಟೇ: ಹಸಿ ಮಾಂಸ ತಿಂದರೆ ವಿಕಿರಣ ಏರುತ್ತದೆ, ಒಲೆಯ ಮೇಲೆ ಬೇಯಿಸಿದರೆ ಇಲ್ಲ. ಕಾಡುದನದಿಂದ ಸಿಗುವುದೇ ಸಾಕು, ಸಾಕಿದ್ದನ್ನು ಕಡಿಯಬೇಡಿ.

ಇನ್ನು ಹೆಸರು. ಅಮೆರಿಕದಲ್ಲಿ ಬ್ರಾಹ್ಮನ್ ಅನ್ನುವ ನಿಜವಾದ ದನದ ತಳಿಯೇ ಇದೆ. ಭಾರತದಿಂದ ಹೋದ ಗಿರ್, ಕಾಂಕ್ರೇಜ್, ನೆಲ್ಲೂರು ರಾಸುಗಳ ಜೊತೆಗೆ ನಮ್ಮ ಉತ್ತರ ಕರ್ನಾಟಕದ ಕೃಷ್ಣಾ ಕಣಿವೆ ತಳಿಯ ರಕ್ತವೂ ಅದರಲ್ಲಿ ಸೇರಿದೆ. ಆಟದ ಹೆಸರು ಅದನ್ನೇ ನೆನಪಿಸುತ್ತದೆ. 2008ರ ಅಕ್ಟೋಬರ್‌ನಲ್ಲಿ ಮೈಕ್ರೋಸಾಫ್ಟ್ ಸಾಂಸ್ಕೃತಿಕ ಸೂಕ್ಷ್ಮತೆಯ ಕಾರಣ ಕೊಟ್ಟು ಫಾಲ್‌ಔಟ್ 3 ಅನ್ನು ಭಾರತದಲ್ಲಿ ಬಿಡುಗಡೆ ಮಾಡಲಿಲ್ಲ. ಈ ದನದ ಹೆಸರೇ ಅಡ್ಡಿಯಾಯಿತೆಂದು ಆಗ ಹಲವರು ಊಹಿಸಿದ್ದರು.