ಕಾರ್‌ಪೂಲ್‌ಗೆ ಜನ ಸೇರ್ತಿಲ್ವಾ? ಬೆಳಿಗ್ಗೆಗೆ ಮಾತ್ರ ಕರೀರಿ
ಬೆಂಗಳೂರಲ್ಲಿ ಆಫೀಸಿಗೆ ಹೋಗೋಕೆ ಅಪಾರ್ಟ್‌ಮೆಂಟ್ ಗ್ರೂಪಲ್ಲಿ "ಕಾರ್‌ಪೂಲ್‌ಗೆ ಯಾರ್ ಬರ್ತೀರಾ" ಅಂತ ಕೇಳ್ಬೇಡಿ, ಅದ್ರ ಬದ್ಲು "ಮಂಗಳವಾರ ಬೆಳಿಗ್ಗೆ 8:10, ಎಚ್‌ಎಸ್‌ಆರ್‌ನಿಂದ ಮಾರತಹಳ್ಳಿ, ನಮ್ ಗೇಟಲ್ಲೇ ಹತ್ತೋದು, 2 ಸೀಟ್ ಖಾಲಿ, ಸಂಜೆದು ಅವ್ರವ್ರೇ ನೋಡ್ಕೊಳ್ಳೋದು" ಅಂತ ಹಾಕಿ. ಜನ ಹಿಂದೇಟು ಹಾಕೋದು ಬೆಳಿಗ್ಗೆಗಲ್ಲ ಸಂಜೆಗೆ, ಮೀಟಿಂಗ್ ಎಳೀತು ಅಂದ್ರೆ ಇವ್ರಿಗೋಸ್ಕರ ಕಾಯ್ಬೇಕಾ ಇಲ್ಲಾ ನನ್ ಬಿಟ್ಟು ಹೋಗ್ತಾರಾ ಅನ್ನೋ ಚಿಂತೆ, ಅದೊಂದನ್ನ ತೆಗೆದ್ರೆ ಒಪ್ಕೊಳ್ಳೋದು ಸುಲಭ, ವಾಪಸ್ ಬರೋಕೆ ರಿಂಗ್ ರೋಡಲ್ಲಿ 500ಡಿ ಬಸ್ ಇದ್ದೇ ಇದೆ. ವಾರಕ್ಕೆ ಒಂದೇ ದಿನ ಇಟ್ಕೊಳ್ಳಿ, ಪರಿಚಯ ಆದ್ಮೇಲೆ ಅವ್ರೇ ಗುರುವಾರನೂ ಹೋಗೋಣ್ವಾ ಅಂತಾರೆ. ಮನೆಮನೆಗೆ ಹೋಗಿ ಹತ್ತಿಸ್ಕೊಳ್ಳೋಕೆ ಮಾತ್ರ ಹೋಗ್ಬೇಡಿ, ಎರಡು ಕ್ರಾಸ್ ಒಳಗೆ ಹೋಗಿ ಬರೋಷ್ಟ್ರಲ್ಲಿ ದಾರೀಲಿರೋ ಅಗರ ಜಂಕ್ಷನ್ ಟ್ರಾಫಿಕ್‌ನಿಂದ ತುಂಬ್ಕೊಂಡಿರುತ್ತೆ, 8:12ಕ್ಕೆ ಬಂದಿಲ್ಲ ಅಂದ್ರೆ ಹೊರಟುಬಿಡಿ, ಇದು ಮೊದ್ಲೇ ಹೇಳಿರಿ. ದುಡ್ಡಿನ ವಿಷ್ಯ ಹೇಳ್ಬೇಕಂದ್ರೆ ಇದು ವೈಟ್ ಬೋರ್ಡ್ ಗಾಡಿ, ಅಂದ್ರೆ ಟ್ಯಾಕ್ಸಿ ಅಲ್ಲ, ಸ್ವಂತ ಬಳಕೆದು, ಬಾಡಿಗೆ ತರ ತಗೋಬೇಡಿ, ಸರದಿ ಮೇಲೆ ಒಂದೊಂದು ವಾರ ಒಬ್ಬೊಬ್ರ ಕಾರ್ ತಗೊಂಡ್ರೆ ಲೆಕ್ಕಾನೇ ಬೇಡ. ಶಿಫ್ಟ್ ಬದಲಾಗ್ತಾ ಇರೋರಿಗೆ, ದಾರೀಲಿ ಮಗುನ ಸ್ಕೂಲಿಗೆ ಬಿಡೋರಿಗೆ ಇದು ಆಗಲ್ಲ, ಜೋರು ಮಳೆ ದಿನ ಸಂಜೆ ಬಸ್ಸೂ ಕೈಕೊಡುತ್ತೆ, ಅವತ್ತೊಂದಿನ ಆದ್ರೆ ವಾಪಸ್ಸೂ ಕರ್ಕೊಂಡ್ ಬನ್ನಿ.