ಕಂಪ್ಯೂಟರ್ ಕೋಣೆಯ ಬೀಗದ ಕೈ

2019ರಲ್ಲಿ ನಾನು ಮಲೆನಾಡಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗೆ ವರ್ಗವಾಗಿ ಬಂದೆ. ಅಲ್ಲಿ ಐದು ಕಂಪ್ಯೂಟರ್ ಇದ್ದವು. ಎಲ್ಲಕ್ಕೂ ಪ್ಲಾಸ್ಟಿಕ್ ಹೊದಿಕೆ, ಕೋಣೆಗೆ ಬೀಗ. ಮಕ್ಕಳು ಕಿಟಕಿ ಸರಳು ಹಿಡಿದು ಇಣುಕುತ್ತಿದ್ದರು.

ಬೀಗ ಹಾಕಿದ ಹೆಡ್‌ಮಾಸ್ಟರನ್ನು ನಾನು ದೂರುವುದಿಲ್ಲ. "ಮೇಡಂ, ವರ್ಗ ಆಗೋವಾಗ ಸಾಮಾನು ಒಪ್ಪಿಸೋ ಚಾರ್ಜ್ ಲಿಸ್ಟಲ್ಲಿ ಒಂದು ಮೌಸ್ ಕಮ್ಮಿ ಬಂದ್ರೂ ನಾನೇ ಉತ್ತರ ಕೊಡ್ಬೇಕು" ಎಂದಿದ್ದರು. ಬಳಸಿ ಕೆಟ್ಟರೆ ಪ್ರಶ್ನೆ ಬರುತ್ತದೆ, ಬಳಸದೆ ಕೆಟ್ಟರೆ ಯಾರೂ ಕೇಳುವುದಿಲ್ಲ. ತಂತ್ರಜ್ಞಾನ ಮಕ್ಕಳಿಗೆ ತಲುಪದಿರಲು ಹಣಕ್ಕಿಂತ ಈ ಭಯವೇ ದೊಡ್ಡ ಕಾರಣ ಎನ್ನುವುದು ನನ್ನ ಅನುಭವ. ಹಾಗಾಗಿ ಮೊದಲು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆ ಕರೆದೆವು. ಮಕ್ಕಳು ಬಳಸುವಾಗ ಹಾಳಾದದ್ದನ್ನು ಸಮಿತಿಯೇ ದುರಸ್ತಿ ಮಾಡಿಸುತ್ತದೆ ಎಂದು ನಡಾವಳಿ ಪುಸ್ತಕದಲ್ಲಿ ಬರೆಸಿ ಸಹಿ ಹಾಕಿಸಿದೆವು. ಮರುದಿನ ಬೀಗದ ಕೈ ನನ್ನ ಕೈಗೆ ಬಂತು.

ಒಳಗೆ ಹೋಗಿ ನೋಡಿದರೆ ಕರೆಂಟ್ ಹೋದಾಗ ಕಂಪ್ಯೂಟರ್ ನಡೆಸುವ ಯುಪಿಎಸ್ ಬ್ಯಾಟರಿಗಳೆಲ್ಲ ಸತ್ತಿದ್ದವು. ಕಾರಣ ಗೊತ್ತಾಗಲು ಒಂದು ವರ್ಷ ಬೇಕಾಯಿತು. ಏಪ್ರಿಲ್-ಮೇ ರಜೆಯಲ್ಲಿ ಇಲ್ಲಿ ಸಿಡಿಲು ಜಾಸ್ತಿ, ಅದಕ್ಕೆ ಮೇನ್ ಸ್ವಿಚ್ ತೆಗೆದು ಹೋಗುತ್ತಾರೆ. ಅದು ಸರಿಯೇ. ಆದರೆ ಯುಪಿಎಸ್‌ಗೆ ಜೋಡಿಸಿದ ಸೀಸದ ಬ್ಯಾಟರಿ ನಿಧಾನವಾಗಿ ಖಾಲಿಯಾಗುತ್ತದೆ, ಖಾಲಿಯಾಗಿಯೇ ವಾರಗಟ್ಟಲೆ ಕೂತರೆ ಮತ್ತೆ ಚಾರ್ಜ್ ಹಿಡಿಯುವುದಿಲ್ಲ. ಈಗ ರಜೆಗೆ ಮುಂಚೆ ಪೂರ್ತಿ ಚಾರ್ಜ್ ಮಾಡಿ, ಎಲೆಕ್ಟ್ರಿಷಿಯನ್ ಕೈಯಲ್ಲಿ ಬ್ಯಾಟರಿ ತಂತಿ ಬಿಚ್ಚಿಸುತ್ತೇವೆ. ಆಮೇಲೆ ಹಾಕಿಸಿದ ಬ್ಯಾಟರಿಗಳು ಎರಡು ಬೇಸಿಗೆ ದಾಟಿದವು.

ಕರೆಂಟ್ ಬಿಲ್ಲಿನ ಚಿಂತೆಯೂ ಇತ್ತು. 2023ರ ರಾಜ್ಯೋತ್ಸವದಂದು ಸರ್ಕಾರಿ ಶಾಲೆಗಳಿಗೆ ಉಚಿತ ವಿದ್ಯುತ್ ಘೋಷಣೆಯಾದಾಗ ನಮಗೆ ಆದ ಸಮಾಧಾನ ಅಷ್ಟಿಷ್ಟಲ್ಲ.

ನೆಟ್‌ವರ್ಕ್ ಮಾತ್ರ ಗುಡ್ಡ ಹತ್ತಿದರೆ ಉಂಟು, ಇಳಿದರೆ ಇಲ್ಲ. 2020ರಲ್ಲಿ ಕೋವಿಡ್‌ನಿಂದ ಶಾಲೆ ಮುಚ್ಚಿದಾಗ, ಮಕ್ಕಳಿದ್ದಲ್ಲಿಗೇ ಹೋಗಿ ಕಲಿಸುವ ವಿದ್ಯಾಗಮ ಯೋಜನೆಗೆಂದು ಮನೆ ಜಗಲಿಗಳಲ್ಲಿ ಪಾಠ ಮಾಡುವಾಗಲೇ ಇದು ಅರಿವಾಗಿತ್ತು: ಫೋನಿನಲ್ಲಿ ಸ್ಕ್ಯಾನ್ ಮಾಡಿದರೆ ಪಾಠ ತೆರೆಯುವ ಕ್ಯೂಆರ್ ಕೋಡ್ ಪಠ್ಯಪುಸ್ತಕದಲ್ಲಿದೆ, ಮನೆಯ ಒಂದೇ ಫೋನು ಅಪ್ಪನ ಜೇಬಲ್ಲಿ ತೋಟಕ್ಕೆ ಹೋಗಿದೆ. ಹಾಗಾಗಿ ನೆಟ್ ಬೇಡದ ದಾರಿ ಹುಡುಕಿದೆ. ಕಲಿಕೆಗೆಂದೇ ಸರ್ಕಾರ ಮಾಡಿದ ದೀಕ್ಷಾ ಆ್ಯಪಿನ ಪಾಠಗಳನ್ನು ಪೇಟೆಯಲ್ಲೇ ಫೋನಿಗೆ ಇಳಿಸಿಕೊಂಡು ಬರುತ್ತೇನೆ. ಕನ್ನಡ ವಿಕಿಪೀಡಿಯವನ್ನು ಕಿವಿಕ್ಸ್ ಎಂಬ ಉಚಿತ ತಂತ್ರಾಂಶದ ಮೂಲಕ ಪೆನ್‌ಡ್ರೈವ್‌ನಲ್ಲಿ ತಂದು ಕಂಪ್ಯೂಟರ್‌ಗಳಿಗೆ ಹಾಕಿದೆ. ಮಕ್ಕಳು ಮೊದಲು ಹುಡುಕಿದ್ದು ತಮ್ಮ ಊರಿನ ಹೊಳೆಯ ಹೆಸರು.

ಹಳೆಯ ಯಂತ್ರಗಳಿಗೆ ವಿಂಡೋಸ್ ಬದಲು ಉಬುಂಟು ಎಂಬ ಉಚಿತ ತಂತ್ರಾಂಶ ಹಾಕಿಸಿದ್ದೆ. ಅದರಲ್ಲಿ ಇಂಗ್ಲಿಷ್ ಕೀಲಿಗಳಲ್ಲೇ ಉಚ್ಚಾರಣೆಯಂತೆ ಕನ್ನಡ ಮೂಡಿಸುವ ಕಗಪ ಕೀಲಿಮಣೆ ವಿನ್ಯಾಸ ಮೊದಲೇ ಇರುತ್ತದೆ. ಒತ್ತಕ್ಷರಕ್ಕೆ ನಡುವೆ ಎಫ್ ಒತ್ತಬೇಕು. 'ಅಜ್ಜಿ' ಬರೆಯಲು ಎ, ಜೆ, ಎಫ್, ಜೆ, ಐ. ಇಂಗ್ಲಿಷ್ ಬರದಿದ್ದರೆ ಕಂಪ್ಯೂಟರ್ ಬರುವುದಿಲ್ಲ ಎಂದು ಹೆದರಿ ಹಿಂದೆ ನಿಲ್ಲುತ್ತಿದ್ದ ಆರನೆಯ ತರಗತಿಯ ಹುಡುಗಿಯೊಬ್ಬಳು ಆ ಪದ ಪರದೆಯ ಮೇಲೆ ಮೂಡಿದ್ದು ನೋಡಿ, ಅದನ್ನೇ ಸಾಲು ತುಂಬ ಬರೆದಳು.

ಒಂದು ಯಂತ್ರಕ್ಕೆ ಮೂವರು ಕೂತರೆ ಮೌಸ್ ಯಾವಾಗಲೂ ಜೋರಿನ ಹುಡುಗನ ಕೈಯಲ್ಲೇ. ಹತ್ತು ನಿಮಿಷಕ್ಕೊಮ್ಮೆ ಗಂಟೆ ಬಾರಿಸಿ ಜಾಗ ಬದಲಿಸುತ್ತೇನೆ. ಇದನ್ನು ಮಾಡದಿದ್ದರೆ ಹುಡುಗಿಯರು ವರ್ಷವಿಡೀ ನೋಡುತ್ತಲೇ ಇರುತ್ತಾರೆ.

ನಮ್ಮಲ್ಲಿ ಏಳರವರೆಗೆ ಮಾತ್ರ. ಎಂಟನೆಯ ತರಗತಿಗೆ ಹೋದವರು ಸಂಜೆ ಬಸ್ಸಿಳಿದು ನೇರ ನಮ್ಮ ಕೋಣೆಗೇ ಬರುತ್ತಾರೆ. ಅವರ ಹೈಸ್ಕೂಲಿನಲ್ಲೂ ಕಂಪ್ಯೂಟರ್‌ಗಳಿವೆಯಂತೆ, ಕೋಣೆಗೆ ಇನ್ನೂ ಬೀಗ ಹಾಕಿದೆಯಂತೆ. ನಮ್ಮ ನಡಾವಳಿಯ ಒಂದು ನಕಲನ್ನು ಅಲ್ಲಿಗೆ ಕಳಿಸಿಕೊಟ್ಟಿದ್ದೇನೆ.